ಆಂಟೆನಾ ಇಳಿಸಿ ಕೇಬಲ್ ಎಳೆಸಿದ್ದು ಯಾಕೆ? ಚಾನೆಲ್ ಜಾಸ್ತಿ ಅನ್ನೋದೊಂದೇ ಕಾರಣನಾ?

ಹಾಸನದ ಮೇಷ್ಟ್ರು

90ರ ದಶಕದ ಟಿವಿ ಬಗ್ಗೆ ಯಾರೇ ಬರೆದರೂ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ದೂರದರ್ಶನದಲ್ಲಿ ಒಂದೋ ಎರಡೋ ಚಾನೆಲ್, ಕೇಬಲ್‌ನಲ್ಲಿ ಹತ್ತಾರು, ಅದಕ್ಕೇ ಜನ ಆಂಟೆನಾ ಇಳಿಸಿದರು ಅಂತ. ಸುಳ್ಳೇನಲ್ಲ. ಆದರೆ ಅದರ ಹಿಂದಿನ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆಂಟೆನಾದಲ್ಲಿ ಒಂದೇ ಚಾನೆಲ್ ಯಾಕೆ ಬರುತ್ತಿತ್ತು? ಅದರ ತಾಕತ್ತೇ ಅಷ್ಟಿತ್ತಾ?

ಇಲ್ಲ. ನಮ್ಮ ಹಳೇ ಟಿವಿಗಳಲ್ಲಿ ವಿಎಚ್‌ಎಫ್ ಅನ್ನುವ ಅಲೆಗಳ ಗುಂಪನ್ನು ಹಿಡಿಯುವ ಟ್ಯೂನರ್‌ನಲ್ಲಿ 2ರಿಂದ 12ರವರೆಗೆ ಚಾನೆಲ್ ಹಿಡಿಯಬಹುದಿತ್ತು. ಅದರ ಮೇಲೆ ಯುಎಚ್‌ಎಫ್ ಅನ್ನುವ ಇನ್ನೊಂದು ಗುಂಪು ಬೇರೆ. ಒಂದು ಊರಿನಲ್ಲಿ ನಾಲ್ಕೈದು ಸ್ಟೇಷನ್ ನಡೆಸುವಷ್ಟು ಜಾಗ ಗಾಳಿಯಲ್ಲಿ ಇದ್ದೇ ಇತ್ತು. ಬ್ರಿಟನ್ನಿನಲ್ಲಿ 1982ರ ಕೊನೆಗೆ ಮನೆ ಮೇಲಿನ ಆಂಟೆನಾದಲ್ಲೇ ನಾಲ್ಕು ಚಾನೆಲ್ ಸಿಗುತ್ತಿದ್ದವು. ಅಲ್ಲಿ ಕೇಬಲ್ ನಮ್ಮಲ್ಲಿ ಹಬ್ಬಿದ ಹಾಗೆ ಹಬ್ಬಲೇ ಇಲ್ಲ.

ನಮ್ಮಲ್ಲಿ ಟವರ್ ಹಾಕಿ ಟಿವಿ ಪ್ರಸಾರ ಮಾಡುವ ಹಕ್ಕು ಸರ್ಕಾರಕ್ಕೆ ಮಾತ್ರ ಇತ್ತು. 1885ರ ಟೆಲಿಗ್ರಾಫ್ ಕಾಯ್ದೆ ಅದಕ್ಕೆ ಆಧಾರ. 1995ರ ಫೆಬ್ರುವರಿಯಲ್ಲಿ ಕ್ರಿಕೆಟ್ ಪ್ರಸಾರದ ಜಗಳವೊಂದರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು, ಸರ್ಕಾರದ ಏಕಸ್ವಾಮ್ಯ ಸರಿಯಲ್ಲ ಎಂದಿತು. ಆಮೇಲೂ ಟವರ್‌ನಿಂದ ಟಿವಿ ಬಿಡಲು ಖಾಸಗಿಯವರಿಗೆ ಅವಕಾಶ ಸಿಗಲಿಲ್ಲ. ರೇಡಿಯೋಗೆ ಸಿಕ್ಕಿತು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಸ್ಟೇಷನ್ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. ಈಗ ಅಲ್ಲಿ ಎಷ್ಟೊಂದು ಸ್ಟೇಷನ್! ಅದನ್ನು ಕೇಳಲು ಯಾರಾದರೂ ತಂತಿ ಎಳೆಸಿಕೊಂಡರಾ? ತಿಂಗಳಿಗಿಷ್ಟು ಅಂತ ಕಟ್ಟಿದರಾ?

ಆದ್ದರಿಂದ ನನ್ನ ವಾದ ಇಷ್ಟೇ. ಆಂಟೆನಾವನ್ನು ಸ್ಪರ್ಧೆಗೆ ಇಳಿಯಲೇ ಬಿಡಲಿಲ್ಲ. ಕಾನೂನು ಖಾಲಿ ಬಿಟ್ಟ ಜಾಗಕ್ಕೆ ಕೇಬಲ್ ಬಂದು ಕೂತಿತು. ನೀವೇನಂತೀರಿ?

ಕೊಪ್ಪದ ಕಡೆಯವ

ಮೇಷ್ಟ್ರೇ, ನೀವು ಬಯಲುಸೀಮೆಯ ಲೆಕ್ಕ ಹೇಳುತ್ತಿದ್ದೀರಿ. ನಮ್ಮ ಕಡೆ ಎಷ್ಟು ಚಾನೆಲ್ ಅನ್ನೋ ಪ್ರಶ್ನೆಯೇ ಹುಟ್ಟಲಿಲ್ಲ. ಆ ಒಂದು ಚಾನೆಲ್ಲೂ ಬರುತ್ತಿರಲಿಲ್ಲ.

ಟಿವಿ ಅಲೆ ನೇರವಾಗಿ ಹೋಗುವಂಥದ್ದು. ನೂರು ಮೀಟರ್ ಎತ್ತರದ ಟವರ್ ಇದ್ದರೂ ಭೂಮಿಯ ಬಾಗಿನಿಂದಾಗಿ ಸುಮಾರು 40 ಕಿಲೋಮೀಟರ್ ದಾಟಿದ ಮೇಲೆ ಸಿಗ್ನಲ್ ನೆಲಕ್ಕೆ ಸಿಗುವುದು ಕಷ್ಟ. ಹತ್ತು ಮೀಟರ್ ಪೈಪ್ ನಿಲ್ಲಿಸಿ ಆಂಟೆನಾ ಮೇಲೇರಿಸಿದರೆ ಇನ್ನೊಂದು 13 ಕಿಲೋಮೀಟರ್ ದಕ್ಕುತ್ತದೆ. ಇದು ಸಮತಟ್ಟು ನೆಲದ ಲೆಕ್ಕ. ನಡುವೆ ಒಂದು ಗುಡ್ಡ ಬಂದರೆ ಅಲ್ಲಿಗೆ ಮುಗಿಯಿತು. 1984ರ ಸುಮಾರಿಗೆ ಊರೂರಿಗೆ ಹಾಕಿದ ಟ್ರಾನ್ಸ್‌ಮಿಟರ್‌ಗಳಲ್ಲಿ ಬಹಳಷ್ಟು ಬರೀ 100 ವಾಟ್‌ನವು. ಅವು ಊರಿನ ಸುತ್ತ 15-20 ಕಿಲೋಮೀಟರ್‌ಗೆ ಸಾಕು. ತೋಟದ ನಡುವೆ ತಗ್ಗಿನಲ್ಲಿರುವ ಮನೆಗೆ ಏನು ಬರಬೇಕು ಹೇಳಿ? ಅಡಿಕೆ ಮರಕ್ಕಿಂತ ಎತ್ತರಕ್ಕೆ ಪೈಪ್ ನಿಲ್ಲಿಸಿ, ಬೂಸ್ಟರ್ ಹಾಕಿ, ಆಮೇಲೂ ಚುಕ್ಕಿ ಚುಕ್ಕಿಯ ನಡುವೆ ಯಾರೋ ಮಾತಾಡುವುದು ಕಾಣುತ್ತಿತ್ತು. ಬೂಸ್ಟರ್ ಇರುವ ಸಿಗ್ನಲ್ ಹೆಚ್ಚಿಸುತ್ತದೆ, ಅದರ ಜೊತೆ ಗಲೀಜನ್ನೂ ಹೆಚ್ಚಿಸುತ್ತದೆ.

ಇನ್ನೊಂದು ವಿಷಯ. ಕೇಬಲ್ ಗೆದ್ದದ್ದು ಪೇಟೆಯಲ್ಲಿ. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಅರ್ಧ ಕಿಲೋಮೀಟರ್. ಅಷ್ಟು ದೂರ ಯಾರು ತಂತಿ ಎಳೆಯುತ್ತಾರೆ? ಸ್ವಲ್ಪ ಅನುಕೂಲ ಇದ್ದವರು ಅಂಗಳದಲ್ಲೇ ದೊಡ್ಡ ಜಾಲರಿ ಡಿಶ್ ನಿಲ್ಲಿಸಿದರು. ಆಗ ಬಹಳಷ್ಟು ಚಾನೆಲ್‌ಗಳಿಗೆ ಲಾಕ್ ಇರಲಿಲ್ಲ. ಒಂದು ಸಲ ದುಡ್ಡು ಹಾಕಿದರೆ ಮುಗಿಯಿತು. ಈಗಲೂ ಕೆಲವು ಅಂಗಳಗಳಲ್ಲಿ ಆ ಡಿಶ್‌ಗಳಿವೆ, ಬಳ್ಳಿ ಹಬ್ಬಿಕೊಂಡು ನಿಂತಿವೆ.

ಹಳೇ ಲೈನ್‌ಮ್ಯಾನ್, ದಾವಣಗೆರೆ

ನಾನು ಕೇಬಲ್ ಕೆಲಸದಲ್ಲೇ ಬಹಳ ವರ್ಷ ಕಳೆದವನು. ಕಂಟ್ರೋಲ್ ರೂಂನಲ್ಲೂ ಕೂತಿದ್ದೇನೆ, ಕಂಬವನ್ನೂ ಹತ್ತಿದ್ದೇನೆ. ಒಳಗಿನಿಂದ ನೋಡಿದ್ದನ್ನು ಹೇಳುತ್ತೇನೆ.

ಮೊದಲನೆಯದಾಗಿ, ಉಪಗ್ರಹ ಚಾನೆಲ್‌ಗಿಂತ ಮೊದಲೇ ಕೇಬಲ್ ಇತ್ತು. 80ರ ದಶಕದ ಮಧ್ಯದಲ್ಲಿ ಮುಂಬೈನ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದು ವಿಸಿಆರ್ ಇಟ್ಟು, ಎಲ್ಲ ಮನೆಗೂ ತಂತಿ ಎಳೆದು, ದಿನಕ್ಕೊಂದೆರಡು ಸಿನಿಮಾ ಹಾಕುತ್ತಿದ್ದರು. ಕ್ಯಾಸೆಟ್ ಬಾಡಿಗೆ ಕೊಡುವ ಅಂಗಡಿಯವರೇ ಎಷ್ಟೋ ಕಡೆ ಕೇಬಲ್‌ನವರಾದರು. ಅಂದರೆ ತಂತಿ ಮೊದಲೇ ಇತ್ತು. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧವನ್ನು ಸಿಎನ್‌ಎನ್ ನೇರವಾಗಿ ತೋರಿಸಿತು. ನಮ್ಮ ದೊಡ್ಡ ಹೋಟೆಲ್‌ಗಳು ಡಿಶ್ ಹಾಕಿಸಿದವು. ಅದೇ ವರ್ಷ ಹಾಂಗ್‌ಕಾಂಗ್‌ನಿಂದ ಸ್ಟಾರ್ ಟಿವಿ ಏಷ್ಯಾಸ್ಯಾಟ್-1 ಉಪಗ್ರಹದ ಮೂಲಕ ಬಂತು. 1992ರ ಅಕ್ಟೋಬರ್‌ನಲ್ಲಿ ಅದೇ ಉಪಗ್ರಹದಲ್ಲಿ ಜೀ ಟಿವಿ. ವಿಸಿಆರ್ ಇದ್ದ ಜಾಗಕ್ಕೆ ಡಿಶ್ ಜೋಡಿಸಿದರೆ ಸಾಕಾಗಿತ್ತು.

ಆ ಕಾಲದ ಡಿಶ್ ಈಗಿನ ಮನೆ ಡಿಶ್‌ನಂತೆ ಚಿಕ್ಕದಲ್ಲ. ಹತ್ತು ಹನ್ನೆರಡು ಅಡಿ ಅಗಲ. ಬೇರೆ ಬೇರೆ ಉಪಗ್ರಹಕ್ಕೆ ಬೇರೆ ಬೇರೆ ಡಿಶ್. ಪ್ರತಿ ಚಾನೆಲ್‌ಗೂ ಒಂದು ರಿಸೀವರ್, ಅದನ್ನು ಟಿವಿಯ ಒಂದು ನಂಬರ್‌ಗೆ ಕೂರಿಸುವ ಒಂದು ಮಾಡ್ಯುಲೇಟರ್. ಎಲ್ಲವನ್ನೂ ಕಂಬೈನರ್‌ನಲ್ಲಿ ಸೇರಿಸಿ ಒಂದೇ ತಂತಿಗೆ ಬಿಡಬೇಕು. ಒಂದು ಮನೆಯವರು ಇಷ್ಟನ್ನೆಲ್ಲ ಕೊಳ್ಳಲು ಆಗುತ್ತಿರಲಿಲ್ಲ. ಇನ್ನೂರು ಮುನ್ನೂರು ಮನೆ ಸೇರಿದರೆ ತಿಂಗಳಿಗೆ ಐವತ್ತೋ ನೂರೋ ರೂಪಾಯಿಗೆ ಬರುತ್ತಿತ್ತು. ಕೇಬಲ್ ಅಂದರೆ ಇಡೀ ಬೀದಿಗೆ ಒಂದು ಒಳ್ಳೆ ಡಿಶ್, ಅಷ್ಟೇ. ಒತ್ತೊತ್ತಾಗಿ ಮನೆಗಳಿರುವ ನಮ್ಮ ಪೇಟೆಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ಕೊಪ್ಪದ ಅಣ್ಣ ಹೇಳಿದ್ದು ಅದಕ್ಕೇ ಸರಿ. ಮನೆ ದೂರ ದೂರ ಇದ್ದರೆ ನಮಗೆ ಗಿಟ್ಟುತ್ತಿರಲಿಲ್ಲ.

ತಂತಿಗೂ ಅದರ ಕಷ್ಟ ಇದೆ. ಮನೆಗೆ ಎಳೆಯುವ ಆರ್‌ಜಿ-6 ತಂತಿಯಲ್ಲಿ 200 ಮೆಗಾಹರ್ಟ್ಸ್ ಹತ್ತಿರ ನೂರು ಮೀಟರ್‌ಗೆ 9-10 ಡೆಸಿಬೆಲ್ ಹೋಗುತ್ತದೆ. ಅಂದರೆ ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆ. ಅದಕ್ಕೇ ದಾರಿಯಲ್ಲಿ ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್ ಹಾಕಬೇಕು. ಪ್ರತಿ ಆಂಪ್ಲಿಫೈಯರ್ ಸ್ವಲ್ಪ ಸ್ವಲ್ಪ ಗಲೀಜು ಸೇರಿಸುತ್ತದೆ. ಲೈನ್‌ನ ಕೊನೆ ಮನೆಯವರಿಗೆ ಮೇಲಿನ ನಂಬರ್‌ನ ಚಾನೆಲ್‌ಗಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತಿದ್ದುದು ಇದೇ ಕಾರಣಕ್ಕೆ. ಫ್ರೀಕ್ವೆನ್ಸಿ ಹೆಚ್ಚಾದಷ್ಟೂ ತಂತಿ ಜಾಸ್ತಿ ನುಂಗುತ್ತದೆ. ಆಂಪ್ಲಿಫೈಯರ್ ಇರುವ ಕಡೆ ಕರೆಂಟ್ ಹೋದರೆ ನಿಮ್ಮ ಮನೆಯಲ್ಲಿ ಕರೆಂಟ್ ಇದ್ದರೂ ಕೇಬಲ್ ಇಲ್ಲ.

ಇಷ್ಟೆಲ್ಲ ಇದ್ದರೂ ಜನ ನಮ್ಮನ್ನು ಬಿಡಲಿಲ್ಲ. ಯಾಕೆ ಗೊತ್ತಾ? ಆಂಟೆನಾ ಕೆಟ್ಟರೆ ಕೇಳುವವರು ಯಾರೂ ಇರಲಿಲ್ಲ. ನಿಮ್ಮ ಮನೆ, ನಿಮ್ಮ ಪೈಪು, ನೀವೇ ಹತ್ತಬೇಕು. ಕೇಬಲ್ ಕೆಟ್ಟರೆ ಕೇಬಲ್ ಹುಡುಗ ಬರುತ್ತಿದ್ದ. ಮಳೆಯಲ್ಲೂ ಬರುತ್ತಿದ್ದ. ಬರದಿದ್ದರೆ ತಿಂಗಳ ದುಡ್ಡು ಕೇಳಲು ಬಂದಾಗ ಬೈಯಬಹುದಿತ್ತು. ‘ಈ ಸಲ ಆಗಲ್ಲ, ಮುಂದಿನ ತಿಂಗಳು ಸೇರಿಸಿ ಕೊಡ್ತೀನಿ’ ಅಂದರೂ ನಡೆಯುತ್ತಿತ್ತು. ಈ ಮಾತನ್ನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ, ಆದರೆ ಇದು ದೊಡ್ಡ ಕಾರಣ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಧಾರವಾಡದ ಅಕ್ಕ

ಎಲ್ಲರೂ ತಂತಿ, ಟವರ್ ಅಂತೀರಿ. ಭಾಷೆ ವಿಷಯಾನೇ ಯಾರೂ ಎತ್ತಲಿಲ್ಲ ಅಲ್ವಾ?

ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಶುರುವಾಯಿತು. 1982ರ ಆಗಸ್ಟ್ 15ರಿಂದ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ಬಂತು. ರಾತ್ರಿ ಊಟದ ಹೊತ್ತಿಗೆ ಕನ್ನಡ ನಿಂತು ಹಿಂದಿ, ಇಂಗ್ಲಿಷ್ ಶುರು. ಅದು ಬೆಂಗಳೂರಿನ ಸುತ್ತಮುತ್ತಲಿನವರ ಕಥೆ. ಜಿಲ್ಲೆಗಳ ಕಥೆ ಇನ್ನೂ ಕಷ್ಟದ್ದು. ಆ ಕೊಪ್ಪದವರು ಹೇಳಿದ ಚಿಕ್ಕ ಟ್ರಾನ್ಸ್‌ಮಿಟರ್‌ಗಳಲ್ಲಿ ಬಹಳಷ್ಟು ಇನ್ಸಾಟ್-1ಬಿ ಉಪಗ್ರಹದಿಂದ ದೆಹಲಿಯನ್ನು ಹಿಡಿದು ಹಾಗೇ ಬಿಡುತ್ತಿದ್ದವು. ಬೆಂಗಳೂರಿನ ಕನ್ನಡ ಕಾರ್ಯಕ್ರಮ ಅವುಗಳಿಗೆ ತಲುಪುತ್ತಲೇ ಇರಲಿಲ್ಲ. ಕರ್ನಾಟಕದ ಮಧ್ಯದಲ್ಲಿ ಕೂತು ಆಂಟೆನಾ ತಿರುಗಿಸಿದರೆ ಬರುತ್ತಿದ್ದುದು ಹಿಂದಿ. ಉಪಗ್ರಹದ ಮೂಲಕ ಬೆಂಗಳೂರಿನ ಕನ್ನಡ ರಾಜ್ಯಕ್ಕೆಲ್ಲ ಸಿಗುವ ಹೊತ್ತಿಗೆ ತಡವಾಗಿತ್ತು. ಸಿಕ್ಕ ಮೇಲೂ ದಿನಕ್ಕೆ ಕೆಲವೇ ಗಂಟೆ.

1994ರ ಜೂನ್‌ನಲ್ಲಿ ಉದಯ ಟಿವಿ ಬಂತು. ಮಧ್ಯಾಹ್ನ ಕನ್ನಡ ಸಿನಿಮಾ, ಸಂಜೆ ಕನ್ನಡ ಹಾಡು, ರಾತ್ರಿ ಕನ್ನಡ ಧಾರಾವಾಹಿ. ನಮ್ಮ ಅವ್ವನಿಗೆ ಸ್ಟಾರ್, ಬಿಬಿಸಿ ಯಾವುದೂ ಬೇಕಿರಲಿಲ್ಲ. ಆಕೆಗೆ ತನ್ನ ಮಾತು ಟಿವಿಯಲ್ಲಿ ಕೇಳಬೇಕಿತ್ತು. ನಮ್ಮ ಓಣಿಯಲ್ಲಿ ಕೇಬಲ್ ಹಾಕಿಸಿದ ಮನೆಗಳಲ್ಲಿ ಹೆಚ್ಚಿನವು ಆ ವರ್ಷದ ನಂತರವೇ ಹಾಕಿಸಿದ್ದು. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಬಂದ ಮೇಲಂತೂ ಕೇಬಲ್ ಇಲ್ಲದ ಮನೆ ಹುಡುಕಬೇಕಾಯಿತು.

ಹಾಗಾಗಿ ಮೇಷ್ಟ್ರೇ, ‘ಚಾನೆಲ್ ಜಾಸ್ತಿ’ ಅನ್ನುವುದಕ್ಕಿಂತ ‘ನಮ್ಮ ಚಾನೆಲ್’ ಅನ್ನಿ.

ರಾಯಚೂರು ಸೀಮೆ

ಅಕ್ಕನ ಮಾತಿಗೆ ಒಂದು ಸೇರಿಸಬೇಕು. ಬೆಂಗಳೂರಿಗೆ ಟಿವಿ ಬರುವ ಮೊದಲೇ ನಮ್ಮ ಹಳ್ಳಿಗಳಿಗೆ ಬಂದಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ, ಸೈಟ್ ಅನ್ನುವ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿ. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ಕೋಳಿ ಜಾಲರಿಯ ಹತ್ತು ಅಡಿ ಡಿಶ್ ನಿಲ್ಲಿಸಿ ನೇರವಾಗಿ ಉಪಗ್ರಹದಿಂದ ಹಿಡಿಯುತ್ತಿದ್ದರು. ಕಾರ್ಯಕ್ರಮ ಕನ್ನಡದಲ್ಲೇ ಇತ್ತು. ಬೇಸಾಯ, ಆರೋಗ್ಯ, ಶಾಲೆ ಮಕ್ಕಳ ಪಾಠ. ಆಮೇಲೆ 1977ರಲ್ಲಿ ಗುಲ್ಬರ್ಗಕ್ಕೆ ಟ್ರಾನ್ಸ್‌ಮಿಟರ್ ಬಂತು.

ಡಿಶ್ ಮೊದಲು ಬಂದದ್ದು ಕಡು ಬಡ ಹಳ್ಳಿಗೆ. ಅದನ್ನು ಹಾಗೇ ಬೆಳೆಸಿದ್ದರೆ ಕನ್ನಡ ಟಿವಿಯ ದಾರಿಯೇ ಬೇರೆ ಆಗುತ್ತಿತ್ತು. ವರ್ಷ ಮುಗಿಯಿತು, ಉಪಗ್ರಹ ವಾಪಸ್ ಹೋಯಿತು.

ರೇಡಿಯೋ ರಿಪೇರಿ, ಬೆಂಗಳೂರು

ಆಂಟೆನಾ ಪರವಾಗಿ ಒಬ್ಬರಾದರೂ ಮಾತಾಡಬೇಕಲ್ಲ! ಸರಿಯಾಗಿ ಕಟ್ಟಿದ ಆಂಟೆನಾದ ಚಿತ್ರ, ಕೇಬಲ್‌ನ ಕೊನೆ ಮನೆ ಚಿತ್ರಕ್ಕಿಂತ ಎಷ್ಟೋ ಚೆನ್ನಾಗಿರುತ್ತಿತ್ತು.

ಆಂಟೆನಾದ ಹಿಂಭಾಗದಲ್ಲಿ ಒಂದು ಉದ್ದ ಕಡ್ಡಿ, ಅದು ರಿಫ್ಲೆಕ್ಟರ್. ಮಡಚಿದ ಕಡ್ಡಿ ಡೈಪೋಲ್, ತಂತಿ ಜೋಡಿಸುವುದು ಅಲ್ಲಿಗೆ. ಮುಂದೆ ಗಿಡ್ಡ ಗಿಡ್ಡ ಕಡ್ಡಿಗಳು, ಡೈರೆಕ್ಟರ್. ಕಡ್ಡಿಯ ಅಳತೆ ಚಾನೆಲ್‌ಗೆ ತಕ್ಕಂತೆ. ಚಾನೆಲ್ 4ಕ್ಕೆ ಡೈಪೋಲ್ ಎರಡು ಮೀಟರ್ ದಾಟುತ್ತದೆ, ಚಾನೆಲ್ 5ಕ್ಕೆ ಒಂದು ಮೀಟರ್‌ಗಿಂತ ಕಮ್ಮಿ. ಇಲ್ಲೇ ಆಂಟೆನಾದ ದೌರ್ಬಲ್ಯವೂ ಇದೆ. ಇನ್ನೊಂದು ಬ್ಯಾಂಡ್‌ನ, ಅಂದರೆ ಬೇರೆ ಅಲೆಗಳ ಗುಂಪಿನ, ಸ್ಟೇಷನ್ ಬಂದರೆ ಇನ್ನೊಂದು ಆಂಟೆನಾ ಬೇಕು. ಅದರ ಟವರ್ ಬೇರೆ ದಿಕ್ಕಿನಲ್ಲಿದ್ದರೆ ಮುಖ ಬೇರೆ ಕಡೆ ತಿರುಗಿಸಬೇಕು.

ಬೆಂಗಳೂರಿನಲ್ಲಿ ಆಂಟೆನಾವನ್ನು ಕೆಡಿಸಿದ್ದು ಎತ್ತರದ ಕಟ್ಟಡಗಳು. ಸಿಗ್ನಲ್ ಟವರ್‌ನಿಂದ ನೇರವಾಗಿಯೂ ಬರುತ್ತದೆ, ಪಕ್ಕದ ಬಿಲ್ಡಿಂಗ್‌ಗೆ ಬಡಿದು ಸ್ವಲ್ಪ ತಡವಾಗಿಯೂ ಬರುತ್ತದೆ. ಆಗ ಪರದೆ ಮೇಲೆ ಒಬ್ಬ ಮನುಷ್ಯನ ಪಕ್ಕದಲ್ಲಿ ಅವನದೇ ನೆರಳು. ಎಷ್ಟು ಎತ್ತರಕ್ಕೆ ಏರಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಊರು ಮೇಲಕ್ಕೆ ಬೆಳೆದಷ್ಟೂ ಈ ದೂರು ಜಾಸ್ತಿಯಾಯಿತು. ಜೊತೆಗೆ ಕಾಗೆ ಕೂತು ಕಡ್ಡಿ ಬಗ್ಗುವುದು, ಮಳೆಗೆ ಜಾಯಿಂಟ್ ತುಕ್ಕು ಹಿಡಿಯುವುದು, ಚಪ್ಪಟೆ ತಂತಿ ಬಿಸಿಲಿಗೆ ಸೀಳುವುದು. ಬಾಡಿಗೆ ಮನೆಯವರಿಗೆ ಮಾಲೀಕರು ಮಹಡಿ ಹತ್ತಲು ಬಿಡುತ್ತಿರಲಿಲ್ಲ. ಕೇಬಲ್‌ಗೆ ಇದೊಂದೂ ಬೇಕಿರಲಿಲ್ಲ.

ಪೆನ್ಸಿಲ್ವೇನಿಯಾ ಕನ್ನಡಿಗ

ನಾನಿರುವ ರಾಜ್ಯದಲ್ಲೇ ಕೇಬಲ್ ಹುಟ್ಟಿದ್ದು ಅನ್ನುತ್ತಾರೆ. ಕೊಪ್ಪದವರ ಮಾತು ಓದಿ ಬರೆಯಬೇಕು ಅನಿಸಿತು, ಯಾಕೆಂದರೆ ಇಲ್ಲೂ ಗುಡ್ಡವೇ ಕಾರಣ.

1948ರಲ್ಲಿ ಮಹಾನೊಯ್ ಸಿಟಿ ಅನ್ನುವ ಕಲ್ಲಿದ್ದಲು ಗಣಿ ಊರಿನಲ್ಲಿ ಜಾನ್ ವಾಲ್ಸನ್ ಅನ್ನುವವರು ಟಿವಿ ಮಾರುತ್ತಿದ್ದರು. ಊರು ಕಣಿವೆಯಲ್ಲಿ. ಫಿಲಡೆಲ್ಫಿಯಾದ ಸಿಗ್ನಲ್ ಗುಡ್ಡ ದಾಟಿ ಇಳಿಯುತ್ತಿರಲಿಲ್ಲ. ಚಿತ್ರವೇ ಬಾರದ ಟಿವಿಯನ್ನು ಯಾರು ಕೊಳ್ಳುತ್ತಾರೆ? ಅವರು ಗುಡ್ಡದ ಮೇಲೆ ಆಂಟೆನಾ ನಿಲ್ಲಿಸಿ ಅಂಗಡಿವರೆಗೆ ತಂತಿ ತಂದರು, ದಾರಿಯ ಮನೆಗಳಿಗೂ ಕೊಟ್ಟರು. ಅದೇ ವರ್ಷ ಆರೆಗಾನ್ ರಾಜ್ಯದ ಆಸ್ಟೋರಿಯಾದಲ್ಲಿ ಎಡ್ ಪಾರ್ಸನ್ಸ್ ಹೋಟೆಲ್ ಒಂದರ ಮೇಲೆ ಆಂಟೆನಾ ಹಾಕಿ, ಸುಮಾರು 200 ಕಿಲೋಮೀಟರ್ ದೂರದ ಸಿಯಾಟಲ್ ಸ್ಟೇಷನ್ ಹಿಡಿದರು. ಮೊದಲು ಯಾರು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಇಂಥ ವ್ಯವಸ್ಥೆಗೆ ಇಟ್ಟ ಹೆಸರೇ ‘ಸಮುದಾಯದ ಆಂಟೆನಾ’. ಅಂದರೆ ಮೊದಲು ಕೇಬಲ್ ಆಂಟೆನಾಗೆ ನೆರವಾಗಿ ಬಂತು.

ಮೇಷ್ಟ್ರ ಕಾನೂನಿನ ಮಾತು ಇಲ್ಲೂ ನಿಜ. 1948ರಿಂದ 1952ರವರೆಗೆ ಎಫ್‌ಸಿಸಿ, ಅಂದರೆ ಪ್ರಸಾರಕ್ಕೆ ಅನುಮತಿ ಕೊಡುವ ಇಲ್ಲಿನ ಸರ್ಕಾರಿ ಸಂಸ್ಥೆ, ಹೊಸ ಸ್ಟೇಷನ್‌ಗೆ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿತ್ತು. ಚಿಕ್ಕ ಊರುಗಳು ಕಾಯದೆ ತಂತಿ ಎಳೆದವು. 60ರ ದಶಕದಲ್ಲಿ ಅದೇ ಎಫ್‌ಸಿಸಿ ಉಲ್ಟಾ ತಿರುಗಿ, ದೊಡ್ಡ ಊರುಗಳಲ್ಲಿ ಕೇಬಲ್ ಬೆಳೆಯದಂತೆ ಕಟ್ಟಿಹಾಕಿತು. 1972ರಲ್ಲಿ ಸ್ವಲ್ಪ ಸಡಿಲ ಮಾಡಿತು. ಅದೇ ವರ್ಷ ನಮ್ಮ ರಾಜ್ಯದ ವಿಲ್ಕ್ಸ್-ಬ್ಯಾರಿ ಊರಿನಲ್ಲಿ ದುಡ್ಡು ಕಟ್ಟಿ ನೋಡುವ ಎಚ್‌ಬಿಒ ಚಾನೆಲ್ ಶುರು, 1975ರಲ್ಲಿ ಅದು ಉಪಗ್ರಹಕ್ಕೆ ಹೋಯಿತು. ಅಲ್ಲಿಂದ ಮುಂದೆ ಆಂಟೆನಾದಲ್ಲಿ ಚೆನ್ನಾಗಿ ಚಿತ್ರ ಬರುತ್ತಿದ್ದ ಊರಿನವರೂ ಕೇಬಲ್ ಹಾಕಿಸಿದರು.

ಹಾಸನದ ಮೇಷ್ಟ್ರು

ಎಲ್ಲರ ಮಾತೂ ಓದಿದೆ. ಲೈನ್‌ಮ್ಯಾನ್ ಅವರು ಹೇಳಿದ ‘ಕೆಟ್ಟರೆ ಬರುವ ಮನುಷ್ಯ’ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ, ಇಷ್ಟವಾಯಿತು. ಆದರೆ ಅಕ್ಕ, ನಿಮ್ಮ ಮಾತು ನನ್ನ ವಾದಕ್ಕೇ ಬಲ ಕೊಡುತ್ತದೆ. ಹುಬ್ಬಳ್ಳಿಯಲ್ಲಿ ಒಂದು ಖಾಸಗಿ ಕನ್ನಡ ಸ್ಟೇಷನ್‌ಗೆ ಟವರ್ ಹಾಕಲು ಬಿಟ್ಟಿದ್ದರೆ ನಿಮ್ಮ ಅವ್ವನಿಗೆ ಆಂಟೆನಾದಲ್ಲೇ, ತಿಂಗಳ ದುಡ್ಡಿಲ್ಲದೆ, ಕನ್ನಡ ಬರುತ್ತಿತ್ತು. ಉದಯ ಟಿವಿ ನಮಗೆ ಬರಬೇಕಾದರೆ ಆಕಾಶಕ್ಕೆ ಹೋಗಿ ಇಳಿಯಬೇಕಾಯಿತು. ಮಾಡುವುದು ಕನ್ನಡಿಗರಿಗೆ, ನೋಡುವುದು ಕನ್ನಡಿಗರು, ಆದರೂ ಮೇಲಕ್ಕೆ 36,000 ಕಿಲೋಮೀಟರ್, ಕೆಳಕ್ಕೆ ಮತ್ತೆ ಅಷ್ಟೇ!

ಧಾರವಾಡದ ಅಕ್ಕ

ಹಾಕಲು ಬಿಟ್ಟಿದ್ದರೆ ಮೊದಲು ಬೆಂಗಳೂರಿನಲ್ಲಿ ಹಾಕುತ್ತಿದ್ದರು ಮೇಷ್ಟ್ರೇ. ಜಾಹೀರಾತು ಸಿಗುವುದು ಅಲ್ಲಿ. ಖಾಸಗಿ ಎಫ್‌ಎಂ ಹುಬ್ಬಳ್ಳಿಗೆ ಎಷ್ಟು ತಡವಾಗಿ ಬಂತು ನೋಡಿ. ಉಪಗ್ರಹಕ್ಕೆ ಬೀದರ್ ಆದರೇನು ಬೆಂಗಳೂರು ಆದರೇನು, ಎರಡೂ ಒಂದೇ. ನನಗೆ ಆ ಸಮಾನತೆ ದೊಡ್ಡದಾಗಿ ಕಾಣುತ್ತದೆ.

ಚಿಗುರು

ನಾನು ಹುಟ್ಟಿದ್ದೇ ಸೆಟ್ ಟಾಪ್ ಬಾಕ್ಸ್ ಕಾಲದಲ್ಲಿ. ಒಂದು ಡೌಟು. ಕೇಬಲ್ ಹಾಕಿಸಿದ ಮೇಲೆ ದೂರದರ್ಶನ ನೋಡಲು ಆಂಟೆನಾನೂ ಇಟ್ಟುಕೊಳ್ಳಬೇಕಿತ್ತಾ?

ಹಳೇ ಲೈನ್‌ಮ್ಯಾನ್, ದಾವಣಗೆರೆ

ಮೊದಮೊದಲು ಕೆಲವರು ಇಟ್ಟುಕೊಂಡಿದ್ದರು ತಮ್ಮಾ. 1995ರ ಕೇಬಲ್ ಕಾಯ್ದೆ ಬಂದ ಮೇಲೆ ನಾವೇ ದೂರದರ್ಶನದ ಕನಿಷ್ಠ ಎರಡು ಚಾನೆಲ್ ಕೊಡಲೇಬೇಕಾಯಿತು. 2000ದ ತಿದ್ದುಪಡಿ ಆದ ಮೇಲೆ ಅವನ್ನು ಎಲ್ಲ ಟಿವಿಯಲ್ಲೂ ಸಿಗುವ ಪ್ರೈಂ ಬ್ಯಾಂಡ್‌ನಲ್ಲೇ ಕೊಡಬೇಕಾಯಿತು. ಆಂಟೆನಾ ಇಟ್ಟುಕೊಳ್ಳಲು ಉಳಿದಿದ್ದ ಕೊನೆಯ ಕಾರಣವೂ ಅಲ್ಲಿಗೆ ಹೋಯಿತು. ಗುಜರಿಯವರಿಗೆ ಅಲ್ಯೂಮಿನಿಯಂ ಕಡ್ಡಿ ಮಾರಿದ ಮನೆಗಳು ಎಷ್ಟೋ.

ನಮ್ಮ ಕಾಲವೂ ಆಮೇಲೆ ಬದಲಾಯಿತು. 2003ರಿಂದ ಒಂದೊಂದಾಗಿ ಡಿಟಿಎಚ್ ಬಂತು. 2013ರಲ್ಲಿ ಬೆಂಗಳೂರು, ಮೈಸೂರಿಗೆ ಸೆಟ್ ಟಾಪ್ ಬಾಕ್ಸ್ ಕಡ್ಡಾಯ, ಆಮೇಲೆ ಉಳಿದ ಊರಿಗೂ. ಅಷ್ಟು ಮನೆಗೆ ಬಾಕ್ಸ್ ಹಾಕಿಸುವ ಬಂಡವಾಳ ಬೀದಿಯ ಚಿಕ್ಕ ಆಪರೇಟರ್‌ಗೆ ಇರಲಿಲ್ಲ. ಕಂಟ್ರೋಲ್ ರೂಂ ಮುಚ್ಚಿ ದೊಡ್ಡ ಕಂಪನಿಗಳ ಲೈನ್ ತೆಗೆದುಕೊಂಡರು. 2019ರ ಹೊಸ ನಿಯಮದಲ್ಲಿ ನೂರು ಚಾನೆಲ್‌ಗೆ 130 ರೂಪಾಯಿ, ತೆರಿಗೆ ಬೇರೆ. ಪೇ ಚಾನೆಲ್‌ಗೆ ಒಂದೊಂದಕ್ಕೂ ಬೇರೆ. ‘ಮುಂದಿನ ತಿಂಗಳು ಸೇರಿಸಿ ಕೊಡ್ತೀನಿ’ ಅನ್ನುವುದು ಅಲ್ಲಿಗೆ ನಿಂತಿತು. ದುಡ್ಡು ಕಟ್ಟದಿದ್ದರೆ ಬಾಕ್ಸ್ ತಾನೇ ಬಂದ್ ಆಗುತ್ತದೆ.

ಪೆನ್ಸಿಲ್ವೇನಿಯಾ ಕನ್ನಡಿಗ

ಇಲ್ಲಿ ಈಗ ಜನ ಮತ್ತೆ ಆಂಟೆನಾ ಕೊಳ್ಳುತ್ತಿದ್ದಾರೆ. 2009ರ ಜೂನ್‌ನಲ್ಲಿ ದೊಡ್ಡ ಸ್ಟೇಷನ್‌ಗಳ ಪ್ರಸಾರ ಪೂರ್ತಿ ಡಿಜಿಟಲ್ ಆಯಿತು. ರೇಡಿಯೋ ರಿಪೇರಿಯವರು ಹೇಳಿದ ನೆರಳಿನ ಕಾಟ ಡಿಜಿಟಲ್‌ನಲ್ಲಿ ಇಲ್ಲ. ಬಂದರೆ ಪೂರ್ತಿ ಚೆನ್ನಾಗಿ ಬರುತ್ತದೆ, ಇಲ್ಲದಿದ್ದರೆ ಚಿತ್ರ ಒಡೆದು ನಿಂತುಬಿಡುತ್ತದೆ. ಒಂದೇ ಸ್ಟೇಷನ್ನಿನ ಜಾಗದಲ್ಲಿ ಎರಡು ಮೂರು ಚಾನೆಲ್ ಕೂರಿಸುತ್ತಾರೆ. ಕೇಬಲ್ ಬಿಲ್ ಕಟ್ಟಿ ಸಾಕಾದವರಿಗೆ ಅದು ದೊಡ್ಡ ಆಸರೆ. ನಮ್ಮ ಮನೆಯಲ್ಲೂ ಅಟ್ಟದಲ್ಲಿ ಒಂದು ಇದೆ.

ಚಿಗುರು

ಹಾಗಿದ್ದರೆ ನಮ್ಮಲ್ಲೂ ಈಗ ಆಂಟೆನಾ ಹಾಕಿದರೆ ಏನಾದರೂ ಬರುತ್ತಾ? ಅಜ್ಜಿ ಮನೆ ಅಟ್ಟದಲ್ಲಿ ಒಂದಿದೆ.

ರೇಡಿಯೋ ರಿಪೇರಿ, ಬೆಂಗಳೂರು

ಅದರಲ್ಲಿ ಬರುವುದಿಲ್ಲ ಅಂತಲೇ ತಿಳಿದುಕೊಳ್ಳಪ್ಪ. ದೂರದರ್ಶನದ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಹಂತ ಹಂತವಾಗಿ ಮುಚ್ಚಿದರು. 2022ರ ಹೊತ್ತಿಗೆ ಗಡಿ ಭಾಗದ ಕೆಲವನ್ನು ಬಿಟ್ಟರೆ ಹೆಚ್ಚು ಕಡಿಮೆ ಎಲ್ಲವೂ ಬಂದ್. ಅಜ್ಜಿಗೆ ಪುಕ್ಕಟೆ ಟಿವಿ ಬೇಕಿದ್ದರೆ ಡಿಡಿ ಫ್ರೀ ಡಿಶ್ ಹಾಕಿಸು. 2004ರಲ್ಲಿ ಬೇರೆ ಹೆಸರಲ್ಲಿ ಶುರುವಾದದ್ದು. ಚಿಕ್ಕ ಡಿಶ್, ಒಂದು ಬಾಕ್ಸ್, ತಿಂಗಳ ಬಾಡಿಗೆ ಇಲ್ಲ. ಚಂದನ ಸಿಗುತ್ತದೆ. ಆದರೆ ಅಜ್ಜಿ ದಿನಾ ನೋಡುವ ಕನ್ನಡ ಧಾರಾವಾಹಿ ಯಾವ ಚಾನೆಲ್‌ನಲ್ಲಿ ಬರುತ್ತದೆ ಅಂತ ಮೊದಲು ಕೇಳು. ಅದು ಪೇ ಚಾನೆಲ್ ಆಗಿದ್ದರೆ ಫ್ರೀ ಡಿಶ್‌ನಲ್ಲಿ ಸಿಗುವುದಿಲ್ಲ, ಕೇಬಲ್ ಬಿಡಿಸಬೇಡ.